ಹಳೆಯ ಸೈಕಲ್ ಚೈನ್: ಒಂದು ಕೊಂಡಿ ತೆಗೆಸಿದರೆ ಹೊಸದರಂತಾಗುತ್ತದೆಯೇ?

ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡವರಿಗೆ ಸಿಗುವ ಪುಕ್ಕಟೆ ಸಲಹೆ ಇದು: ಚೈನ್ ಜೋತು ಬಿದ್ದಿದ್ದರೆ ಒಂದು ಕೊಂಡಿ ತೆಗೆಸಿ, ಎಣ್ಣೆ ಬಿಡಿ, ಹೊಸದರಂತಾಗುತ್ತದೆ. ಇದು ಅರ್ಧ ಸತ್ಯ. ಜೋತು ಬೀಳುವುದೇನೋ ನಿಲ್ಲುತ್ತದೆ, ಸವೆದ ಚೈನ್ ಮಾತ್ರ ಸವೆದೇ ಇರುತ್ತದೆ.

ಚೈನ್ ‘ಹಿಗ್ಗಿದೆ’ ಎನ್ನುತ್ತೇವೆ. ಆದರೆ ಅದರ ಉಕ್ಕಿನ ಪಟ್ಟಿಗಳು ರಬ್ಬರಿನಂತೆ ಎಳೆದು ಉದ್ದವಾಗುವುದಿಲ್ಲ. ಪ್ರತಿ ಕೊಂಡಿಯೂ ತಿರುಗುವುದು ಒಂದು ಪಿನ್ನಿನ ಮೇಲೆ. ಧೂಳು, ಮರಳು ಎಣ್ಣೆಯೊಂದಿಗೆ ಸೇರಿ ಆ ಪಿನ್ನನ್ನೂ ಅದು ಕೂರುವ ಜಾಗವನ್ನೂ ಉಜ್ಜಿ ಸವೆಸುತ್ತವೆ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. ಒಂದೊಂದು ಪಿನ್ನಿನ ಬಳಿ ಕೂದಲೆಳೆಯಷ್ಟು ಸವೆದರೂ ಈ ಅಂತರ ಫ್ರೀವೀಲ್ ಹಲ್ಲುಗಳಿಗೆ ಸರಿಹೊಂದುವುದಿಲ್ಲ. ಒಂದು ಕೊಂಡಿ ತೆಗೆದ ಮಾತ್ರಕ್ಕೆ ಉಳಿದವು ಮೊದಲಿನಂತಾಗುತ್ತವೆಯೇ?

ಪರೀಕ್ಷಿಸಲು ಇಂಚಿನ ಗುರುತಿರುವ ಸ್ಟೀಲ್ ಸ್ಕೇಲ್ ಸಾಕು. (ಟೈಲರ್ ಟೇಪ್ ಬೇಡ, ಅದೇ ಹಿಗ್ಗಿರುತ್ತದೆ.) ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಡಿ. ಅದನ್ನು ಬಿಟ್ಟು ಮುಂದಿನ 24ನೇ ಪಿನ್ ನೋಡಿ. ಅದರ ಮಧ್ಯ ಸರಿಯಾಗಿ 12 ಇಂಚಿಗಿದ್ದರೆ ಚೈನ್ ಚೆನ್ನಾಗಿದೆ. ಗೇರ್ ಸೈಕಲ್ಲಿನಲ್ಲಿ ಇಂಚಿನ 16ನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. 8ನೇ ಒಂದು ಭಾಗದಷ್ಟಾಗಿದ್ದರೆ ಯಾವ ಸೈಕಲ್ಲಾದರೂ ಸರಿ, ಫ್ರೀವೀಲ್ ಹಲ್ಲುಗಳೂ ಸವೆದಿರುವ ಸಾಧ್ಯತೆ ಹೆಚ್ಚು. ಅಂಥ ಹಲ್ಲುಗಳ ಮೇಲೆ ಹೊಚ್ಚ ಹೊಸ ಚೈನ್ ಕೂಡ ಜಾರುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಬೆಲೆ ಮಾತಾಡುವ ಮೊದಲೇ ಅಳೆಯಿರಿ. ನಾನು ದುಡ್ಡು ಕೊಟ್ಟ ಮೇಲೆ ಅಳೆದಿದ್ದೆ!

ಗೇರ್ ಇಲ್ಲದ ಸೈಕಲ್ಲಿನಲ್ಲಿ ಚೈನ್ ಜೋತು ಬಿದ್ದಿದ್ದರೆ ಅದು ಸವೆತವೇ ಆಗಿರಬೇಕಿಲ್ಲ. ಹಿಂದಿನ ಚಕ್ರ ಸ್ವಲ್ಪ ಮುಂದೆ ಸರಿದಿರಬಹುದು. ಅಳತೆ ಸರಿಯಿದ್ದರೆ ನಟ್ ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು, ನೇರವಾಗಿ ಕೂರಿಸಿ ಬಿಗಿ ಮಾಡಿದರಾಯಿತು.

ಸವೆದ ಚೈನ್ ಜಾರುವುದು ಹೆಚ್ಚಾಗಿ ಆರಾಮವಾಗಿ ತುಳಿಯುವಾಗ ಅಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ, ಸಿಗ್ನಲ್ ಬಿಟ್ಟ ತಕ್ಷಣ ಜೋರಾಗಿ ಹೊರಡುವಾಗ ಅದು ಹಲ್ಲು ಹಾರುತ್ತದೆ. ಪೆಡಲ್ ಒಮ್ಮೆಲೇ ಕುಸಿದು ಸವಾರ ಹ್ಯಾಂಡಲ್ ಮೇಲೆ ಮುಗ್ಗರಿಸುತ್ತಾನೆ, ಹಿಂದೆಯೇ ಬಸ್ಸು ಬರುತ್ತಿರುತ್ತದೆ. ಆದ್ದರಿಂದ ತಂದ ದಿನವೇ ಮುಖ್ಯರಸ್ತೆಗೆ ಇಳಿಯಬೇಡಿ. ಬ್ರೇಕ್ ನೋಡಿಕೊಂಡು, ಖಾಲಿ ಜಾಗದಲ್ಲಿ, ಸೀಟಿನ ಮೇಲೆ ಕೂತೇ, ಪ್ರತಿ ಗೇರಿನಲ್ಲೂ ನಿಧಾನವಾಗಿ ಒತ್ತಡ ಹೆಚ್ಚಿಸುತ್ತಾ ತುಳಿದು ನೋಡಿ. ಒಮ್ಮೆ ‘ಟಕ್’ ಎಂದು ಜಿಗಿದರೂ ಸೈಕಲ್ ತಳ್ಳಿಕೊಂಡೇ ಅಂಗಡಿಗೆ ಹೋಗಿ.