ಕೊಂಕಣ ರೈಲು ಮಾರ್ಗ: ರೋಹಾದಿಂದ ತೋಕೂರಿಗೆ

ನಿಮ್ಮ ಮುಂದಿರುವ ನಕ್ಷೆ 741 ಕಿ.ಮೀ. ಉದ್ದದ ಕೊಂಕಣ ರೈಲು ಮಾರ್ಗದ್ದು. ಮುಂಬಯಿಯ ಕುರ್ಲಾದಿಂದ ಹೊರಟ ಗಾಡಿ ಠಾಣೆ, ಪನ್ವೇಲ್ ದಾಟಿ ರೋಹಾದಲ್ಲಿ ಈ ಹಳಿಗೆ ಸೇರುತ್ತದೆ. ರತ್ನಾಗಿರಿ, ಮಡಗಾಂವ್, ಕಾರವಾರ, ಉಡುಪಿ ಹಾದು ಮಂಗಳೂರಿನ ಹೊರವಲಯದ ತೋಕೂರಿನಲ್ಲಿ ದಕ್ಷಿಣದ ಹಳಿಗೆ ಕೂಡುತ್ತದೆ.

ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಯೋಜನೆಗೆ ಜೀವ ಬಂತು. 1990ರಲ್ಲಿ ಇ. ಶ್ರೀಧರನ್ ನೇತೃತ್ವದಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು; ಅದರ ಕೇಂದ್ರ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ.

ಸಹ್ಯಾದ್ರಿಯ ಗಟ್ಟಿ ಬಂಡೆಗಿಂತ ಹೆಚ್ಚು ಕಾಡಿದ್ದು ಗೋವೆಯ ಪೆರ್ನೆಂ ಬಳಿಯ ಮೆತ್ತನೆಯ ಮಣ್ಣು. ಅಗೆದಷ್ಟೂ ಕುಸಿಯುತ್ತಿದ್ದ ಅಲ್ಲಿನ ಸುರಂಗದಲ್ಲಿ ಕಾರ್ಮಿಕರು ಪ್ರಾಣ ತೆತ್ತರು. ಈ ಮಾರ್ಗದ ಬಗ್ಗೆ ಹೇಳುವಾಗ ಅವರನ್ನು ಮೊದಲು ನೆನೆಯಬೇಕು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆದುಕೊಂಡಿತು.

ಅದೇ ವರ್ಷ ಮುಂಬಯಿ–ಮಂಗಳೂರು ನಡುವೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲು ಆರಂಭವಾಯಿತು. ಘಟ್ಟದ ತಿರುವುಗಳಲ್ಲಿ ಬಸ್ಸಿನ ಸೀಟಿಗೆ ಅಂಟಿ ಕೂತು ಊರು ಸೇರುತ್ತಿದ್ದ ಮುಂಬಯಿಯ ಕನ್ನಡಿಗರು, ತುಳುವರು ರಾತ್ರಿ ಬರ್ತಿನಲ್ಲಿ ಮಲಗಿ ಬೆಳಿಗ್ಗೆ ಕರಾವಳಿಯಲ್ಲಿ ಎದ್ದರು.

ನಕ್ಷೆಯಲ್ಲಿ ಹೊನ್ನಾವರವನ್ನು ಹುಡುಕಿ. ಶರಾವತಿ ಸಮುದ್ರ ಸೇರುವ ಮುನ್ನ ಎಷ್ಟು ಅಗಲವಾಗುತ್ತದೆ ನೋಡಿ: ಅಲ್ಲಿನ ಸೇತುವೆ 2 ಕಿ.ಮೀ.ಗೂ ಉದ್ದ.