ಕೆಲಸದ ಮೇಲೆ ಕಂಡ ಊರುಗಳು

ಕೆಲಸದ ನಿಮಿತ್ತ ಹೋದ ಊರನ್ನು ನಾವು ಕಣ್ಣಿಟ್ಟು ನೋಡುವುದು ಅಪರೂಪ. ಬಸ್ ನಿಲ್ದಾಣ, ವಸತಿಗೃಹ, ಹೋಟೆಲಿನ ಕಾಫಿ, ಹಿಂದಿರುಗುವ ಬಸ್ಸಿನ ವೇಳೆ – ಇಷ್ಟರಿಂದಲೇ ಊರನ್ನು ಅಳೆದು ಮುಗಿಸುತ್ತೇವೆ. ನಾನೂ ಹಾಗೆ ಅಳೆದವನೇ.

1986ರ ಬೇಸಗೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರಗಳ ಮಾರ್ಗವಾಗಿ ಕಳಸಕ್ಕೆ ಹೋಗಿದ್ದೆ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಆ ಪರಿಮಳವನ್ನು ಸವಿಯುವ ಬದಲು ನಾನು ತಿರುವುಗಳನ್ನು ಎಣಿಸುತ್ತ ಕುಳಿತಿದ್ದೆ. ಹಿಂದಿರುಗಿದ ಮೇಲೆ ವರದಿಯಲ್ಲಿ ಹೀಗೆ ಬರೆದೆ: ಕಳಸವು ತೀರ ಮೂಲೆಯ ಊರು, ಅಲ್ಲಿ ಪರೀಕ್ಷಾ ಕೇಂದ್ರದ ಅಗತ್ಯವಿಲ್ಲ, ವಿದ್ಯಾರ್ಥಿಗಳು ಮೂಡಿಗೆರೆಗೇ ಬರಲಿ.

ಕೆಲವು ತಿಂಗಳ ಅನಂತರ, ಬೇರೊಂದು ಪಾಠದ ಸಿದ್ಧತೆಗಾಗಿ ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವನ್ನು ತೆರೆದೆ. ಅಂದಿನ ಕಡೂರು ಜಿಲ್ಲೆಯ ಶಾಸನಗಳ ಆ ಸಂಪುಟ ಪ್ರಕಟವಾದದ್ದು 1901ರಲ್ಲಿ. ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿ ಕಳಸದ ಹೆಸರು ಮತ್ತೆ ಮತ್ತೆ ಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ಆ ಊರನ್ನು ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಆಳಿದ್ದರು! ಮುಂದೆ ಕಳಸ-ಕಾರ್ಕಳದ ಅರಸರು ಘಟ್ಟದ ಮೇಲೊಂದು, ಕೆಳಗೊಂದು ನೆಲೆಯನ್ನಿಟ್ಟುಕೊಂಡು ಮಲೆನಾಡನ್ನೂ ಕರಾವಳಿಯನ್ನೂ ಒಂದೇ ಆಳ್ವಿಕೆಯಲ್ಲಿ ಹಿಡಿದಿದ್ದರು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಆ ವಂಶದವನೇ. ಅವರ ಪಾಲಿಗೆ ಕಳಸ ನಡುವಣ ಊರು. ಅದನ್ನು ಮೂಲೆಗೆ ತಳ್ಳಿದ್ದು, ಬಯಲುಸೀಮೆಯ ಕಡೆಯಿಂದ ಬಂದ ನನ್ನ ಬಸ್ಸು.

ಮೂಡಿಗೆರೆಯ ಮಾತೂ ಹಾಗೆಯೇ. ವಿದ್ವಾಂಸರು ಹೊಯ್ಸಳರ ಮೂಲನೆಲೆಯೆಂದು ಗುರುತಿಸಿರುವ ಸೊಸೆವೂರು ಆ ತಾಲ್ಲೂಕಿನ ಇಂದಿನ ಅಂಗಡಿ ಗ್ರಾಮ. ವಾಸಂತಿಕಾ ದೇವಿಯ ಗುಡಿ, ಜೈನ ಬಸದಿಗಳ ಅವಶೇಷಗಳು ಅಲ್ಲಿವೆ. ಬೇಲೂರು, ಹಳೇಬೀಡುಗಳನ್ನು ಕಣ್ತುಂಬ ನೋಡಿದ ನಾನು, ಅವುಗಳ ತವರಿಗೆ ಇಷ್ಟು ಹತ್ತಿರ ಬಂದೂ ಗಡಿಯಾರ ನೋಡಿಕೊಂಡು ಮುಂದೆ ಸಾಗಿದ್ದೆ.

ನನ್ನನ್ನು ಹೆಚ್ಚು ನಾಚಿಸಿದ ಸಂಗತಿ ಇನ್ನೊಂದಿದೆ. ಆ ಸಂಪುಟಗಳ ಸಂಪಾದಕರಾದ ಬಿ. ಎಲ್. ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮೊದಲು ಶಾಲಾ ಮುಖ್ಯೋಪಾಧ್ಯಾಯರು, ಬಳಿಕ ಮೈಸೂರು, ಕೊಡಗುಗಳ ಶಾಲೆಗಳ ಇನ್ಸ್‌ಪೆಕ್ಟರು. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗಲೇ ಕಲ್ಲುಬರಹಗಳ ಕಡೆಗೆ ಅವರ ಲಕ್ಷ್ಯ ಹರಿಯಿತು. ಸುಮಾರು ಒಂಬತ್ತು ಸಾವಿರ ಶಾಸನಗಳು ನಮಗೆ ದಕ್ಕಿದ್ದರ ಹಿಂದೆ ಹೀಗೊಂದು ಇಲಾಖೆಯ ಪ್ರವಾಸವಿದೆ. ಅವರದೂ ನನ್ನದೂ ಒಂದೇ ಬಗೆಯ ಕೆಲಸ, ಒಂದೇ ಬಗೆಯ ಊರುಗಳು. ಅವರು ನಿಂತು ಕಲ್ಲನ್ನು ಓದಿದರು. ನಾನು ವೇಳಾಪಟ್ಟಿಯನ್ನು ಓದಿದೆ.

ನನ್ನ ಶಿಫಾರಸನ್ನು ಮೇಲಿನವರು ಒಪ್ಪಲಿಲ್ಲ; ಅದು ಆ ಮಕ್ಕಳ ಪುಣ್ಯ, ನನ್ನದೂ ಕೂಡ. ನಿವೃತ್ತಿಯ ಅನಂತರ, ಯಾವ ಕೆಲಸವೂ ಇಲ್ಲದೆ ಕಳಸಕ್ಕೆ ಮತ್ತೆ ಹೋದೆ. ಕಳಸೇಶ್ವರನ ಗುಡಿಯ ಮೆಟ್ಟಿಲು ಹತ್ತಿ, ಭದ್ರೆಯ ದಡದಲ್ಲಿ ಒಂದು ಸಂಜೆ ಕುಳಿತೆ. ಕೊನೆಯ ಬಸ್ಸು ಹೊರಟುಹೋಯಿತು. ನಾನು ಏಳಲಿಲ್ಲ.