1965ರ ಯುದ್ಧದಲ್ಲಿ ಭಾರತೀಯ ವಾಯುಪಡೆ

ಸ್ವತಂತ್ರ ಭಾರತದ ವಾಯುಪಡೆ ಮತ್ತೊಂದು ದೇಶದ ವಾಯುಪಡೆಯೊಂದಿಗೆ ಪೂರ್ಣಪ್ರಮಾಣದಲ್ಲಿ ಸೆಣಸಿದ್ದು ಮೊದಲ ಬಾರಿಗೆ 1965ರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದ ವಿರುದ್ಧ. 1962ರ ಚೀನಾ ಯುದ್ಧದಲ್ಲಿ ಸರಕು ಮತ್ತು ಗಾಯಾಳುಗಳ ಸಾಗಣೆಗೆ ದುಡಿದಿದ್ದ ಪಡೆಯನ್ನು ದಾಳಿಗೆ ಇಳಿಸಿರಲಿಲ್ಲ. 1965ರಲ್ಲಿ ಏರ್ ಮಾರ್ಷಲ್ ಅರ್ಜನ್ ಸಿಂಗ್ ಅದರ ಮುಖ್ಯಸ್ಥರಾಗಿದ್ದರು.

ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್ ವಲಯದಲ್ಲಿ ಅಖ್ನೂರಿನತ್ತ ನುಗ್ಗಿದವು. ರಕ್ಷಣಾ ಸಚಿವ ವೈ. ಬಿ. ಚವಾಣ್ ಅನುಮತಿ ಕೊಟ್ಟಾಗ ಸಂಜೆಯಾಗಿತ್ತು. ಪಠಾಣ್‌ಕೋಟಿನಿಂದ ಹನ್ನೆರಡು ವ್ಯಾಂಪೈರ್ ಮತ್ತು ಹದಿನಾಲ್ಕು ಮಿಸ್ಟೇರ್ ವಿಮಾನಗಳು ಹೊರಟವು. ವ್ಯಾಂಪೈರ್ ಎರಡನೆಯ ಮಹಾಯುದ್ಧ ಕಾಲದ ವಿನ್ಯಾಸ. ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳಿಗೆ ಅದು ಸಾಟಿಯೇ ಅಲ್ಲ. ಅಂದೇ ನಾಲ್ಕು ವ್ಯಾಂಪೈರ್‌ಗಳು ನಷ್ಟವಾದವು, ಮತ್ತೆ ಅವನ್ನು ಮುಂಚೂಣಿಗೆ ತರಲಿಲ್ಲ. ಗಡಿಬಿಡಿಯಲ್ಲಿ ಕೆಲವು ವಿಮಾನಗಳು ನಮ್ಮದೇ ತುಕಡಿಗಳ ಮೇಲೂ ಗುಂಡು ಸುರಿದವು. ಭೂಸೇನೆಗೂ ವಾಯುಪಡೆಗೂ ನಡುವೆ ಹೊಂದಾಣಿಕೆ ಎಷ್ಟು ಸಡಿಲವಾಗಿತ್ತು ಎಂಬುದು ಮೊದಲ ದಿನವೇ ಬಯಲಾಯಿತು.

ಸೇಬರ್‌ಗೆ ಉತ್ತರವಾಗಿ ಬಂದದ್ದು ಪುಟ್ಟ ನ್ಯಾಟ್. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಈ ವಿಮಾನ ಗಾತ್ರದಲ್ಲಿ ಎಷ್ಟು ಸಣ್ಣದೆಂದರೆ ಆಕಾಶದಲ್ಲಿ ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತು. ಸೆಪ್ಟೆಂಬರ್ 3ರಂದು ಸೇಬರ್ ಒಂದನ್ನು ಹೊಡೆದ ಮೊದಲ ಶ್ರೇಯ ನ್ಯಾಟ್ ಹಾರಿಸಿದ ಟ್ರೆವರ್ ಕೀಲರ್ ಅವರಿಗೆ ಸಂದಿತು. ಆ ವಿಮಾನ ಉರುಳಿತೆಂಬುದನ್ನು ಪಾಕಿಸ್ತಾನ ಒಪ್ಪುವುದಿಲ್ಲ. ಅದೇ ದಿನ ಪಸ್ರೂರಿನಲ್ಲಿ ಇಳಿದ ಇನ್ನೊಂದು ನ್ಯಾಟ್ ಸೆರೆಸಿಕ್ಕಿ, ಈಗ ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ.

ಭಾರತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ನೆಲದ ಮೇಲೆ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟಿನ ಮೇಲೆರಗಿದ ಸೇಬರ್‌ಗಳು ಬಯಲಲ್ಲಿ ನಿಂತಿದ್ದ ವಿಮಾನಗಳನ್ನು ಸುಟ್ಟವು. ಹೊಸದಾಗಿ ಬಂದಿದ್ದ ಮಿಗ್-21ಗಳಲ್ಲಿ ಎರಡು ಅಲ್ಲೇ ಹೋದವು. ಮರುದಿನ ಬಂಗಾಳದ ಕಲೈಕುಂಡದಲ್ಲೂ ಇದೇ ಕಥೆ. ಯುದ್ಧದಲ್ಲಿ ಕಳೆದುಕೊಂಡ ವಿಮಾನಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಹೀಗೆ ನಿಂತಲ್ಲೇ ನಾಶವಾದವು. ಇದನ್ನು ವಿಮಾನಚಾಲಕರ ಸೋಲೆನ್ನುವುದಕ್ಕಿಂತ ಸಿದ್ಧತೆಯ ಸೋಲೆನ್ನುವುದೇ ಸರಿ.

ಸೆಪ್ಟೆಂಬರ್ 7ರ ಮುಂಜಾನೆ ಆದಂಪುರದಿಂದ ಮಿಸ್ಟೇರ್‌ಗಳು ಪಾಕಿಸ್ತಾನದ ಪ್ರಮುಖ ನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಆ ತಂಡದಲ್ಲಿ ಮೀಸಲು ಚಾಲಕ. ತಂಡ ಹಿಂದಿರುಗಿದಾಗ ಅವರು ಬರಲಿಲ್ಲ, ಏನಾಯಿತೆಂದು ಯಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ಅವರ ಹೆಸರು ಕಾಣೆಯಾದವರ ಪಟ್ಟಿ ಸೇರಿತು. ಪಾಕಿಸ್ತಾನದ ವಾಯುಪಡೆಯೇ ಬರೆಸಿದ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್‌ನ ಪುಸ್ತಕ 1979ರಲ್ಲಿ ಹೊರಬಂದಾಗ ಸಂಗತಿ ಬೆಳಕಿಗೆ ಬಂತು. ಸದ್ದಿಗಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ತನ್ನನ್ನು ಹೊಡೆದ ಮೇಲೂ ದೇವಯ್ಯ ತಿರುಗಿ ನಿಂತು ಅದನ್ನು ಬಂದೂಕಿನಿಂದಲೇ ಕೆಡವಿದ್ದರು. ಎದುರಾಳಿ ಚಾಲಕ ಪ್ಯಾರಾಚೂಟಿನಲ್ಲಿ ಪಾರಾದ, ದೇವಯ್ಯ ಉಳಿಯಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ದೊರೆಯಿತು. ಶತ್ರುವಿನ ಪುಸ್ತಕ ಬರದಿದ್ದರೆ ಅದೂ ಇಲ್ಲ.

ಕೊಡಗಿನವರೇ ಆದ ಕೆ. ಸಿ. ನಂದಾ ಕಾರ್ಯಪ್ಪ, ಭೂಸೇನೆಯ ಮಾಜಿ ಮುಖ್ಯಸ್ಥ ಜನರಲ್ ಕಾರ್ಯಪ್ಪನವರ ಮಗ, ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಉರುಳಿ ಸೆರೆಯಾದರು. ತಂದೆಯ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮಗನನ್ನು ಬಿಡಿಸಿಕೊಡಲು ಮುಂದಾದರೂ, ಹಿರಿಯ ಕಾರ್ಯಪ್ಪ ಬೇರೆ ಕೈದಿಗಳಿಗಿಲ್ಲದ ರಿಯಾಯಿತಿಯನ್ನು ಒಪ್ಪಲಿಲ್ಲ.

ಕ್ಯಾನ್‌ಬೆರಾ ಬಾಂಬರ್‌ಗಳು ಪೇಶಾವರದವರೆಗೂ ಹೋಗಿಬಂದವು. ಕೊನೆಯಲ್ಲಿ ಬದೀನಿನ ರಾಡಾರ್ ಕೇಂದ್ರಕ್ಕೂ ಗುರಿಯಿಟ್ಟವು. ಸೆಪ್ಟೆಂಬರ್ 23ರಂದು ಕದನವಿರಾಮ ಜಾರಿಯಾಯಿತು. ಯಾರು ಎಷ್ಟು ವಿಮಾನ ಕಳೆದುಕೊಂಡರೆಂಬ ಲೆಕ್ಕದಲ್ಲಿ ಎರಡು ದೇಶಗಳೂ ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಮುಂದಿನ ಆರು ವರ್ಷಗಳಲ್ಲಿ ಗಡಿಯ ವಾಯುನೆಲೆಗಳಲ್ಲಿ ಬಾಂಬ್ ತಡೆಯುವ ಆಶ್ರಯಗಳೆದ್ದವು, ವಿಮಾನಗಳನ್ನು ಚದುರಿಸಿ ನಿಲ್ಲಿಸುವ ಕ್ರಮ ರೂಢಿಗೆ ಬಂತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಅದೇ ಪಠಾಣ್‌ಕೋಟೂ ಸೇರಿದಂತೆ ಹಲವು ನೆಲೆಗಳ ಮೇಲೆ ಒಟ್ಟಿಗೆ ಎರಗಿದಾಗ ಹೆಚ್ಚೇನೂ ಹಾನಿಯಾಗಲಿಲ್ಲ.